ಭಾವ ಕುಡಿದ ಕಹ್ವಾ

ನನ್ನ ಭಾವನೂ ಮನುಷ್ಯರೇ ಎಂದು ನಂಬಲು ನನಗೆ ಹನ್ನೆರಡು ವರ್ಷ ಬೇಕಾಯಿತು! ಮಸ್ಕತ್ತಿನ ಬ್ಯಾಂಕೊಂದರಲ್ಲಿ ಇನ್ವೆಸ್ಟ್‌ಮೆಂಟ್ ವಿಭಾಗದ ಮುಖ್ಯಸ್ಥರು. ಕಂಪನಿಗಳನ್ನು ಕೊಡಿಸುವುದು, ಮಾರಿಸುವುದು, ಎರಡನ್ನು ಸೇರಿಸಿ ಒಂದು ಮಾಡುವುದು ಅವರ ಕಸುಬು. ಅಲ್ ಮವಾಲೇಹ್ ಮಾರುಕಟ್ಟೆಗೆ ಬದನೆಕಾಯಿ ತರಲು ಕಳಿಸಿದರೆ, ಅಂಗಡಿಯವನನ್ನು ಅರ್ಧ ಗಂಟೆ ವಿಚಾರಿಸಿ, "ಪಕ್ಕದ ಅಂಗಡಿ ಜೊತೆ ಮರ್ಜರ್ ಕರೋ ಭಾಯ್" ಎಂದು ಸಲಹೆ ಕೊಟ್ಟು ಬರಿಗೈಯಲ್ಲಿ ಬರುವವರು. ಅಕ್ಕ ಹೇಗೆ ಸಹಿಸಿಕೊಂಡಳೋ! ನಾನಂತೂ ಅವರ ಕೈಕೆಳಗೇ ಕೆಲಸ ಮಾಡುತ್ತಿದ್ದೆ.

ಆಮೇಲೆ ತೈಲದ ಬೆಲೆ ಬಿತ್ತು. ಕೊಳ್ಳುವವರಿಲ್ಲ, ಮಾರುವವರಿಲ್ಲ. ಒಂದು ಗುರುವಾರ ನಮ್ಮ ವಿಭಾಗವನ್ನೇ ಮುಚ್ಚಿದರು. ಸುದ್ದಿ ಹೇಳಿದ್ದು ಭಾವನೇ, ನಿಂತ ಕಾಲಲ್ಲಿ: "ಏಳು ಜನ. ನಾನೂ ಸೇರಿ. ಪ್ರಶ್ನೆ ಉಂಟಾ?" ಸಹೋದ್ಯೋಗಿಯೊಬ್ಬಳು ಅಳತೊಡಗಿದಾಗ ಟಿಶ್ಯೂ ಡಬ್ಬಿ ಮುಂದೆ ತಳ್ಳಿ, "ಇದು ಬ್ಯಾಂಕಿನದ್ದು, ಎಷ್ಟು ಬೇಕಾದ್ರೂ ತಗೊಳ್ಳಿ" ಎಂದರು. ಇಂಥವರಿಗೆ ಏನನ್ನುತ್ತೀರಿ?

ಕೆಲಸ ಹೋದದ್ದಕ್ಕಿಂತ ದೊಡ್ಡ ಹೆದರಿಕೆ ಬೇರೆಯಿತ್ತು. ಬ್ಯಾಂಕಿನ ಎನ್‌ಒಸಿ ಪತ್ರ ಸಿಕ್ಕರೆ ಇಲ್ಲೇ ಬೇರೆ ಕೆಲಸ ಹುಡುಕಬಹುದು. ಸಿಗದಿದ್ದರೆ ಊರಿಗೆ ಹೋಗಬೇಕು, ಎರಡು ವರ್ಷ ಮತ್ತೆ ಓಮಾನಿಗೆ ಕಾಲಿಡುವಂತಿಲ್ಲ. ನನ್ನ ಮಗಳು ಹತ್ತನೇ ತರಗತಿಯಲ್ಲಿದ್ದಳು. ಬ್ಯಾಂಕಿನ ಚೇರ್ಮನ್ನರು ಸಹಿ ಹಾಕದೆ, "ಇನ್ಶಾ ಅಲ್ಲಾ, ನಾಳೆ" ಎನ್ನುತ್ತಲೇ ಇದ್ದರು.

ಕೊನೆಗೆ ಭಾವ ಏಳೂ ಜನರ ಪತ್ರ ಹಿಡಿದು, ನನ್ನನ್ನು ಕಟ್ಟಿಕೊಂಡು ಬರ್ಕಾದಲ್ಲಿದ್ದ ಚೇರ್ಮನ್ನರ ತೋಟದ ಮನೆಗೇ ಹೋದರು. ಅಲ್ಲಿಯ ಪದ್ಧತಿಯಲ್ಲಿ, ಅತಿಥಿ ಪುಟ್ಟ ಬಟ್ಟಲನ್ನು ಅಲ್ಲಾಡಿಸಿ ಸಾಕೆನ್ನುವ ತನಕ ಕಹ್ವಾ, ಅಂದರೆ ಅರಬ್ಬೀ ಕಾಫಿ, ಸುರಿಯುತ್ತಲೇ ಇರಬೇಕು. ಅಲ್ಲಿಯವರೆಗೆ ಯಜಮಾನರು ಎದ್ದು ಹೋಗುವುದು ಮರ್ಯಾದೆಯಲ್ಲ. ಮೂರು ಬಟ್ಟಲಿಗೆ ಎಲ್ಲರೂ ಅಲ್ಲಾಡಿಸುತ್ತಾರೆ. ಭಾವ ಅಲ್ಲಾಡಿಸಲಿಲ್ಲ! ನಾಲ್ಕು, ಏಳು, ಹನ್ನೊಂದು. ಹೊಟ್ಟೆಯಲ್ಲಿ ಅಲ್ಸರ್ ಇಟ್ಟುಕೊಂಡು ಮನೆಯಲ್ಲಿ ಕಾಫಿಯನ್ನೇ ಮುಟ್ಟದ ಮನುಷ್ಯ! ನಾಚಿಕೆ ತಡೆಯದೆ ನಾನು ನನ್ನ ಬಟ್ಟಲು ಎತ್ತಿದರೆ, "ಅಲ್ಲಾಡಿಸ್ಬೇಡ ಮಾರಾಯ, ಸುಮ್ಮನೆ ಕುಡಿ" ಎಂದು ಗದರಿದರು.

ಹದಿನಾರನೆಯದಕ್ಕೆ ಚೇರ್ಮನ್ನರು "ಖಲಾಸ್, ಖಲಾಸ್!" ಎಂದು ನಕ್ಕು ಪೆನ್ನು ತರಿಸಿದರು. ಆರು ಪತ್ರಗಳಿಗೆ ಸಹಿ ಬಿತ್ತು. ಭಾವನ ಹೆಸರಿನದನ್ನು ಮಾತ್ರ ಪಕ್ಕಕ್ಕಿಟ್ಟು, ಗ್ರಾಹಕರ ಗುಟ್ಟೆಲ್ಲ ತಿಳಿದವರನ್ನು ಬೇರೆ ಬ್ಯಾಂಕಿಗೆ ಬಿಡಲಾಗದು ಎಂದರು. ಭಾವ ಬಟ್ಟಲು ಅಲ್ಲಾಡಿಸಿದರು.

ಹೊರಗೆ ಬಂದವರೇ ಕಾರಿನ ಕೀ ನನಗೆ ಕೊಟ್ಟರು. ಅವರ ಮನೆಯ ಮುಂದೆ ಕಾರು ನಿಲ್ಲಿಸಿದಾಗ, ಮುಖ ಕಿಟಕಿಯತ್ತ ತಿರುಗಿಸಿ, "ಅಕ್ಕನಿಗೆ ನೀನೇ ಹೇಳು. ನನ್ನಿಂದ ಆಗುದಿಲ್ಲ" ಎಂದರು.

ಅಷ್ಟು ವರ್ಷದಲ್ಲಿ ಮೊದಲ ಸಲ ನಾನು ಅವರ ಕೈ ಹಿಡಿದುಕೊಂಡೆ. "ಹೇಳ್ತೇನೆ ಭಾವ" ಎಂದೆ. ಇಬ್ಬರೂ ಕಾರಿನಿಂದ ಇಳಿಯಲಿಲ್ಲ.