ಎಡಗಡೆಯ ಹೆಡ್‌ಲೈಟನ್ನು ಅಸಲಿ ಎಂದವರಿಗೆ

ಹಳೆಯ ಕಾರುಗಳ ಮೆರವಣಿಗೆಯ ಮುಖ್ಯ ತೀರ್ಪುಗಾರರಾದ ಪ್ರಹ್ಲಾದ ಅವರಿಗೆ, ಹಿಮಾಯತ್‌ನಗರದ ಸಂಯುಕ್ತಾ ಮಾಡುವ ಸವಿನಯ ವಂದನೆಗಳು.

ಮಾನ್ಯರೇ,

ನಮ್ಮ ಕಾರಿನಲ್ಲಿ ತಾವು ಅಪ್ಪಟ ಅಸಲಿ ಎಂದು ಮೆಚ್ಚಿಕೊಂಡ ಎಡಗಡೆಯ ಹೆಡ್‌ಲೈಟನ್ನು ಗುಜರಿ ಅಂಗಡಿಯಿಂದ ತಂದು ಹಾಕಿಸಿದವಳು ನಾನೇ ಎಂಬುದನ್ನು ಈ ಪತ್ರದಲ್ಲಿ ಬರೆಯದೆ ಬಿಡುವವಳಿದ್ದೆ. ಮೊದಲ ಮೂರು ಕರಡುಗಳಲ್ಲಿ ಬಿಟ್ಟೂ ಇದ್ದೆ. ಆರು ವರ್ಷಗಳ ಹಿಂದೆ ಡ್ರೈವಿಂಗ್ ಕಲಿಯುವಾಗ ಗೇಟಿನ ಕಂಬಕ್ಕೆ ಗುದ್ದಿ ಹಳೆಯದನ್ನು ಒಡೆದದ್ದು ನನ್ನ ಮಾವ ವೀರಭದ್ರಪ್ಪನವರಿಗೆ ಇಂದಿಗೂ ಗೊತ್ತಿಲ್ಲ.

ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ನನಗೆ ಕನ್ನಡದಲ್ಲಿ ದೂರು ಬರೆದು ಅಭ್ಯಾಸವಿಲ್ಲ. ಎಲ್ಲಾದರೂ ಹೊಗಳಿಕೆಯಂತೆ ಕಂಡರೆ ದಯವಿಟ್ಟು ದೂರೆಂದೇ ಓದಿಕೊಳ್ಳಬೇಕು.

ಮಾವನವರ ೧೯೬೪ರ ಎರಡು ಸೀಟಿನ ಕೆಂಪು ಸ್ಪೋರ್ಟ್ಸ್ ಕಾರಿನಡಿ ತಾವು ಬಿಳಿ ಅಂಗಿಯಲ್ಲೇ ಮಲಗಿ, ಟಾರ್ಚು ಮತ್ತು ಅಯಸ್ಕಾಂತ ಹಿಡಿದು ಮೂರು ಗಂಟೆ ಪರೀಕ್ಷಿಸಿ, ಎರಡು ಕಾರ್ಬುರೇಟರುಗಳಲ್ಲಿ ಒಂದು ಇಂಗ್ಲೆಂಡಿನದು, ಇನ್ನೊಂದು ಇಲ್ಲೇ ಬಾಲಾನಗರದ ಲೇತಿನಲ್ಲಿ ಮಾಡಿಸಿದ್ದು ಎಂಬುದೂ ಸೇರಿದಂತೆ ಹತ್ತೊಂಬತ್ತು ಬದಲಿ ಭಾಗಗಳನ್ನು ಪತ್ತೆಹಚ್ಚಿದಿರಿ. ಆ ಹತ್ತೊಂಬತ್ತರ ಮೇಲೂ ‘ವೀ.ಭ.’ ಎಂಬ ಮುದ್ರೆ ಇದ್ದದ್ದು ತಮಗೆ ನೆರವಾಯಿತೆಂದು ಹೇಳುವಷ್ಟು ಕೃತಘ್ನಳು ನಾನಲ್ಲ. ಮೂವತ್ತು ವರ್ಷ ಸರ್ಕಾರಿ ಕಾರ್ಖಾನೆಯಲ್ಲಿ ವಿಮಾನದ ಬಿಡಿಭಾಗಗಳನ್ನು ತಪಾಸಣೆ ಮಾಡಿದ ಮಾವ, ಲೇತಿನವರ ಪಕ್ಕದಲ್ಲಿ ನಿಂತು ಮಾಡಿಸಿದ ಬೋಲ್ಟಿಗೂ ತಮ್ಮ ಮುದ್ರೆ ಹೊಡೆಯದೆ ಕಾರಿಗೆ ಕೂರಿಸುವವರಲ್ಲ. ಹೀಗೆ ಹೆಸರು ಹಾಕಿ ಒಪ್ಪಿಕೊಂಡವರು ಸೋತರು, ಗುಟ್ಟಾಗಿ ಸೇರಿಸಿದವಳು ಪಾಸಾದಳು. ನನಗೆ ಪರೀಕ್ಷೆಯಲ್ಲಿ ಇಷ್ಟು ಒಳ್ಳೆಯ ಅಂಕ ಶಾಲೆಯಲ್ಲೂ ಬಂದಿರಲಿಲ್ಲ.

ತಾವು ಮೆರವಣಿಗೆಗೆ ಪ್ರವೇಶವಿಲ್ಲವೆಂದಾಗ ಮಾವ, “ಆತ್ ಬಿಡ್ರಿ ಸಾಹೇಬ್ರ. ನನ್ನ ಮೊಣಕಾಲು, ಕಣ್ಣಾಗಿನ ಲೆನ್ಸು, ಮ್ಯಾಲಿನ ಹಲ್ಲಿನ ಸೆಟ್ಟು, ಇವೂ ಒರಿಜಿನಲ್ ಅಲ್ರಿ, ಬರಕೊಳ್ರಿ” ಎಂದರು. ತಾವು ನಿಜವಾಗಿಯೂ ಬರೆದುಕೊಂಡಿರಿ.

ಎಂಬತ್ತೊಂದು ವರ್ಷದ ಅವರ ಲೈಸೆನ್ಸು ಏಪ್ರಿಲ್‌ನಲ್ಲಿ ಮುಗಿಯುತ್ತದೆ. ಇದೇ ಅವರು ಓಡಿಸಬಹುದಾದ ಕೊನೆಯ ಮೆರವಣಿಗೆ. ಆದ್ದರಿಂದ ಅವರನ್ನು ಬಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಎಲ್ಲವೂ ಅಸಲಿಯೇ ಆಗಬೇಕೆಂದಾದರೆ, ೧೯೬೪ರ ಪೆಟ್ರೋಲು, ೧೯೬೪ರಲ್ಲಿ ಇದ್ದಷ್ಟೇ ಖಾಲಿಯಾದ ಹಿಮಾಯತ್‌ನಗರದ ರಸ್ತೆ ಮತ್ತು ಮಾವನವರ ಅಸಲಿ ಮೊಣಕಾಲನ್ನು ಸಮಿತಿಯೇ ಒದಗಿಸಬೇಕು. ಹಾಗೆಯೇ ಬಿಡುವು ಮಾಡಿಕೊಂಡು ನಮ್ಮ ಕುಕ್ಕರನ್ನೂ ನೋಡಬೇಕು: ಪಾತ್ರೆ ಒಂದು ಕಂಪನಿಯದು, ಮುಚ್ಚಳ ಇನ್ನೊಂದರದು, ಸೀಟಿ ನಾಂಪಲ್ಲಿಯ ಎಕ್ಸಿಬಿಷನ್ನಿನಲ್ಲಿ ಕೊಂಡದ್ದು. ಅದರಲ್ಲಿ ಹನ್ನೊಂದು ವರ್ಷದಿಂದ ಆಗುತ್ತಿರುವುದನ್ನು ಅನ್ನ ಎನ್ನಬಹುದೇ ಎಂದು ಲಿಖಿತವಾಗಿ ತಿಳಿಸಿದರೆ ಉಪಕಾರ.

ತಮ್ಮ ಟಾರ್ಚಿನ ಬಗ್ಗೆ ಮಾತ್ರ ಯಾವ ಸಂದೇಹವೂ ಇಲ್ಲದ,
ತಮ್ಮ ವಿಶ್ವಾಸಿ,
ಸಂಯುಕ್ತಾ

ತಾ.ಕ.: ತಮ್ಮ ಪಟ್ಟಿಯಲ್ಲಿ ಹತ್ತೊಂಬತ್ತನ್ನು ಇಪ್ಪತ್ತೆಂದು ತಿದ್ದಿಕೊಳ್ಳಿ. ಈ ಪತ್ರದ ಪ್ರತಿಯನ್ನು ನಮ್ಮ ಕನ್ನಡ ಸಂಘದ ಫಲಕಕ್ಕೂ ಹಚ್ಚಲಿದ್ದೇನೆ. ಅದಕ್ಕೆ ಮೊದಲು, ಭಾನುವಾರ ಊಟವಾದ ಮೇಲೆ ಮಾವನವರಿಗೆ ಇದನ್ನು ನಾನೇ ಓದಿ ಹೇಳುತ್ತೇನೆ. ಅವರು ಆಮೇಲೆ ನನ್ನೊಂದಿಗೆ ಮಾತಾಡಿದರೂ ಸರಿ, ಬಿಟ್ಟರೂ ಸರಿ, ಅಂಚೆಗೆ ಹಾಕುವುದು ಸೋಮವಾರ, ಜನವರಿ ೧೨.