ಗಾರ್ಸಿಯಾ ಗೋತ್ರೋದ್ಭವಸ್ಯ

ಮನುಷ್ಯನಿಗೆ ಇರಬಾರದ ಚಟಗಳು ಎಷ್ಟೋ ಇವೆ. ನನಗಿರುವುದು ಒಂದೇ; ಅದಕ್ಕೆ ಖರ್ಚೂ ಇಲ್ಲ, ವಾಸನೆಯೂ ಬರುವುದಿಲ್ಲ. ಎದುರಿಗೆ ಬಂದವರು ಯಾರ ಪೈಕಿ ಎಂದು ತಿಳಿಯುವ ತನಕ ನನಗೆ ಸಮಾಧಾನವಿರುವುದಿಲ್ಲ. ಲಿವರ್‌ಮೋರಿನ ದೇವಸ್ಥಾನದಲ್ಲಿ ಪುಳಿಯೋಗರೆಗೆ ಸಾಲಿನಲ್ಲಿ ನಿಂತಾಗ ಮುಂದಿನವರ ಬಾಯಿಂದ ಒಂದು ಕನ್ನಡದ ಮಾತು ಬಿದ್ದರೆ ಸಾಕು, ಮೈಸೂರೇ, ಮೈಸೂರಿನಲ್ಲಿ ಎಲ್ಲಿ, ಸರಸ್ವತಿಪುರಂ ಆದರೆ ಎಷ್ಟನೆಯ ಮೇನು ಎಂದು ಶುರುಮಾಡಿ, ಪುಳಿಯೋಗರೆ ಕೈಗೆ ಬರುವಷ್ಟರಲ್ಲಿ ಅವರ ಚಿಕ್ಕಮ್ಮನ ಓರಗಿತ್ತಿಯನ್ನು ನಮ್ಮ ಕಡೆಯ ಯಾರಿಗಾದರೂ ಗಂಟುಹಾಕಿಬಿಡುತ್ತೇನೆ. ಒಮ್ಮೆ ಚಪ್ಪಲಿ ಬಿಡುವ ಜಾಗದಲ್ಲಿ ನನ್ನನ್ನು ಕಂಡ ಒಂದು ಸಂಸಾರ, ಹೊರಗೆ ಹೊರಟಿದ್ದವರು, ಮತ್ತೆ ಒಳಗೆ ದೇವರ ಹತ್ತಿರ ಹೋದರು. ನಾನು ಅದನ್ನು ಭಕ್ತಿ ಎಂದುಕೊಂಡಿದ್ದೆ. ಹೆಂಡತಿ ವಸುಧಾ ತಿದ್ದಿದಳು.

ನಾವಿರುವ ಸ್ಯಾನ್ ರಮೋನಿನಲ್ಲಿ ನನ್ನ ಈ ವಿದ್ಯೆಗೆ ಮಣ್ಣು ಮುಕ್ಕಿಸಿದ್ದು ಗಾರ್ಸಿಯಾ ಎನ್ನುವ ಹೆಸರು. ಆಫೀಸಿನಲ್ಲಿ ನನ್ನ ಮ್ಯಾನೇಜರು ಗಾರ್ಸಿಯಾ. ಮಗಳು ದಿಯಾಳಿಗೆ ಸಾಕರ್ ಕಲಿಸುವವರು ಗಾರ್ಸಿಯಾ. ಹಲ್ಲಿನ ಡಾಕ್ಟರ ಹತ್ತಿರ ನನ್ನ ಬಾಯಿ ತೆಗೆಸಿ, ನಾನು ಉತ್ತರ ಕೊಡಲಾಗದ ಹೊತ್ತಿನಲ್ಲೇ ಕುಶಲ ವಿಚಾರಿಸುವ ಹುಡುಗಿಯೂ ಗಾರ್ಸಿಯಾ. ಇಷ್ಟು ದೊಡ್ಡ ಕುಟುಂಬ ಊರು ತುಂಬ ಹರಡಿಕೊಂಡಿದ್ದರೂ ಒಬ್ಬರ ಸುದ್ದಿ ಇನ್ನೊಬ್ಬರು ಎತ್ತುವುದಿಲ್ಲವಲ್ಲ, ಆಸ್ತಿ ಜಗಳ ಏನಾದರೂ ಇರಬಹುದೇ ಎಂದು ನನಗೆ ಅನುಮಾನ. ಗರಾಜಿನಲ್ಲಿ ಕೆಟ್ಟ ವಾಟರ್ ಹೀಟರು ನೋಡಲು ಬಂದವರ ಅಂಗಿಯ ಮೇಲೂ ಅದೇ ಹೆಸರು ಕಂಡಾಗ ಸುಮ್ಮನಿರಲಾಗದೆ, ನಮ್ಮ ಮ್ಯಾನೇಜರು ನಿಮಗೇನಾಗಬೇಕು ಎಂದು ಕೇಳಿಯೇಬಿಟ್ಟೆ. ಆತ ಟಾರ್ಚು ಆರಿಸಿ, "ಸಾರ್, ಅವರು ನನಗೇನಾದರೂ ಆಗಿದ್ದರೆ ನಾನು ನಿಮ್ಮ ಗರಾಜಿನಲ್ಲಿ ಯಾಕೆ ಬಗ್ಗಿರುತ್ತಿದ್ದೆ?" ಎಂದರು. ದಿಯಾ ಬಾಗಿಲ ಹಿಂದೆ ನಿಂತು, "ಅಪ್ಪಾ, ಪ್ಲೀಸ್ ಸ್ಟಾಪ್" ಎಂದಳು.

ಪಕ್ಕದ ಮನೆಯವರೂ ಗಾರ್ಸಿಯಾಗಳೇ ಎಂದು ಬೇರೆ ಹೇಳಬೇಕಾಗಿಲ್ಲ. ರೋಸಾ ಮತ್ತು ಅವಳ ಗಂಡ ಹೆಕ್ಟರ್. ಬೇಸಿಗೆಯಲ್ಲಿ ಮೈಸೂರಿನಿಂದ ಬರುವ ನಮ್ಮ ಅಮ್ಮನಿಗೆ ಈ ದೇಶದಲ್ಲಿರುವ ಒಬ್ಬಳೇ ಗೆಳತಿ ಈ ರೋಸಾ. ಅಮ್ಮನ ಬಾಯಲ್ಲಿ ರೋಸಮ್ಮ. ಅಮ್ಮನದು ಕನ್ನಡ, ಅವಳದು ಸ್ಪ್ಯಾನಿಷ್, ನಡುವೆ ಇಬ್ಬರಿಗೂ ಕೈಗೆ ಸಿಕ್ಕಷ್ಟು ಇಂಗ್ಲಿಷು. ಬೇಲಿಯ ಆ ಕಡೆಯಿಂದ ನಿಂಬೆಹಣ್ಣು ಬರುತ್ತದೆ, ಈ ಕಡೆಯಿಂದ ಉಪ್ಪಿನಕಾಯಿಯಾಗಿ ಹೋಗುತ್ತದೆ. ರೋಸಾ ಅಮ್ಮನಿಗಾಗಿಯೇ ಮಾಂಸ ಹಾಕದೆ, ಮುಸುಕಿನ ಜೋಳದ ತೆನೆಯ ಸಿಪ್ಪೆಯಲ್ಲಿ ಹಿಟ್ಟು ಸುತ್ತಿ ಬೇಯಿಸಿ ಕೊಡುತ್ತಾಳೆ. ಅಮ್ಮ ಅದನ್ನು ಕಡುಬು ಎಂದು ಒಪ್ಪಿಕೊಂಡು, ಉಪ್ಪು ಸ್ವಲ್ಪ ಮುಂದು ಎಂದು ನನ್ನ ಹತ್ತಿರ ಮಾತ್ರ ಹೇಳುತ್ತಾರೆ.

ಈ ಸಲ ರೋಸಾಳ ಮಗಳು ಎಲೆನಾಳ ಮದುವೆ. ಕೇಳಿದ ದಿನವೇ ಅಮ್ಮ ಸಾಸಿವೆ ಬಣ್ಣದ ರೇಷ್ಮೆ ಸೀರೆ ತೆಗೆದು ಗಾಳಿಗೆ ಹಾಕಿದರು. ಉಡುಗೊರೆಗೆ ಬೆಳ್ಳಿಯ ಕುಂಕುಮದ ಬಟ್ಟಲು ಗೊತ್ತುಮಾಡಿದರು. ಆಮೇಲೆ ರೋಸಾ ಕರೆಯೋಲೆ ಹಿಡಿದು ತಾನೇ ಮನೆಗೆ ಬಂದಳು. ಅವಳು ಹೋದ ಮೇಲೆ ಅಮ್ಮ ಕನ್ನಡಕ ಏರಿಸಿ ಅದನ್ನು ಓದಿದರು. ಎಲೆನಾ ಗಾರ್ಸಿಯಾ. ವರ, ಡೇನಿಯಲ್ ಗಾರ್ಸಿಯಾ.

"ಸತೀಶ, ಇದೇನೋ ಇದು? ಹುಡುಗನೂ ಗಾರ್ಸಿಯಾನೇ ಅಲ್ವೇನೋ!"

"ಹೌದಮ್ಮ, ಇಲ್ಲಿ ಆ ಹೆಸರು ಜಾಸ್ತಿ."

"ಜಾಸ್ತಿ ಆದ್ರೆ? ಇವ್ರು ಗೋತ್ರ ಅಂತ ಬೇರೆ ಇಟ್ಕೊಂಡಿಲ್ಲ, ಕೊನೇ ಹೆಸರೇ ಇವ್ರ ಗೋತ್ರ. ಒಂದೇ ಗೋತ್ರ ಅಂದ್ಮೇಲೆ ಅಣ್ಣ ತಂಗಿ. ಸಗೋತ್ರದ ಮದುವೆಗೆ ನಾನು ಯಾವ ಕೈಯಲ್ಲಿ ಅಕ್ಷತೆ ಹಾಕ್ಲಿ?"

ದಿಯಾ ತಲೆ ಎತ್ತಿ, "ಅಜ್ಜೀ, ದೇ ಆರ್ ನಾಟ್ ರಿಲೇಟೆಡ್!" ಎಂದಳು. ಅಮ್ಮ ಕೇಳಿಸಿಕೊಳ್ಳಲಿಲ್ಲ. ವಸುಧಾ ನನ್ನ ಮುಖ ನೋಡಿ, ತುಟಿ ಕಚ್ಚಿಕೊಂಡು ಅಡುಗೆಮನೆಗೆ ನಡೆದಳು. ಸಂಜೆಗೆ ಸೀರೆ ಸೂಟ್‌ಕೇಸಿಗೆ ವಾಪಸಾಯಿತು.

ಆ ವಾರವೆಲ್ಲ ಅಮ್ಮ ಹಿತ್ತಲಿಗೆ ಕಾಲಿಡಲಿಲ್ಲ. ಬೇಲಿಯ ಮೇಲೆ ರೋಸಾ ಇಟ್ಟ ನಿಂಬೆಹಣ್ಣು ಹಾಗೇ ಬಾಡುತ್ತಿತ್ತು. ಕಾರು ಹತ್ತುವಾಗ ಅವಳು ನನ್ನನ್ನು ತಡೆದು, ನಿಮ್ಮ ತಾಯಿಗೆ ಹುಷಾರಿಲ್ಲವೇ, ನನ್ನಿಂದ ಏನಾದರೂ ತಪ್ಪಾಯಿತೇ ಎಂದು ಕೇಳಿದಳು. ನನಗೆ ನಿಜಕ್ಕೂ ಬೇಜಾರಾಯಿತು. ಇಲ್ಲಿ ಅಮ್ಮನಿಗೆ ನಾವು ಮನೆಯವರು, ಟೀವಿ, ರೋಸಾ ಇಷ್ಟೇ. ಮದುವೆಗೆ ಹೋಗದಿದ್ದರೆ ಆ ಬೇಲಿಯ ಮಾತುಕತೆ ಅಲ್ಲಿಗೆ ಮುಗಿದಂತೆಯೇ. ಸಂಬಂಧಗಳ ವಿಷಯದಲ್ಲಿ ಪಂಡಿತನಾದ ನಾನೇ ಇದನ್ನು ಬಿಡಿಸಬೇಕು ಎಂದು ತೀರ್ಮಾನಿಸಿ, ಶನಿವಾರ ಬೆಳಿಗ್ಗೆ ಅಮ್ಮನನ್ನು ಬಲವಂತವಾಗಿ ಬೇಲಿಯ ಹತ್ತಿರ ಕರೆದುಕೊಂಡು ಹೋದೆ.

ಹೆಕ್ಟರ್ ಗುಲಾಬಿಗೆ ನೀರು ಬಿಡುತ್ತಿದ್ದ. ನಾನು ಸುತ್ತಿ ಬಳಸಿ ವಿಷಯಕ್ಕೆ ಬಂದೆ. ರೋಸಾಳಿಗೆ ಸಿಟ್ಟು ಬರಲಿಲ್ಲ, ನಗು ಬಂತು.

"ಡೇನಿಯಲ್ ಮನೆಯವರು ಟೆಕ್ಸಾಸಿನವರು. ಎಲೆನಾ ಅವನನ್ನು ಕರೆದುಕೊಂಡು ಬರೋ ತನಕ ನಾವು ಅವರ ಮುಖವನ್ನೇ ನೋಡಿರಲಿಲ್ಲ. ಅಷ್ಟಕ್ಕೂ ಮದುವೆಗೆ ಮುಂಚೆ ನಾನೂ ಗಾರ್ಸಿಯಾನೇ."

ನಾನು ಕನ್ನಡಿಸಿದೆ. ಅಮ್ಮ ಕೆನ್ನೆಗೆ ಕೈ ಹಚ್ಚಿ, "ಅಯ್ಯೋ ಶಿವನೇ, ಇವಳೂನಾ!" ಎಂದರು.

ಹೆಕ್ಟರ್ ಪೈಪು ಹಿಡಿದುಕೊಂಡೇ ವಿವರಿಸಿದ. ಅವರ ಕಡೆ ಮಕ್ಕಳಿಗೆ ಅಪ್ಪನ ಮನೆತನದ ಹೆಸರು ಒಂದು, ಅಮ್ಮನ ಮನೆತನದ ಹೆಸರು ಒಂದು, ಎರಡೂ ಇರುತ್ತವಂತೆ. "ಹಾಗೆ ನೋಡಿದರೆ ನಮ್ಮ ಎಲೆನಾ, ಗಾರ್ಸಿಯಾ ಗಾರ್ಸಿಯಾ. ಒಂದು ಕಳೆದುಹೋದರೂ ಇನ್ನೊಂದು ಇರುತ್ತೆ."

ಅದನ್ನೂ ಅಮ್ಮನಿಗೆ ಕನ್ನಡಿಸಿದೆ. ಇಲ್ಲಿಗೆ ನಾನು ಸುಮ್ಮನಾಗಬಹುದಿತ್ತು. ಆದರೆ ನಮ್ಮ ಪದ್ಧತಿಯೂ ಸಾಮಾನ್ಯದ್ದಲ್ಲ ಎಂದು ತೋರಿಸುವ ಹುಮ್ಮಸ್ಸು ಬಂದುಬಿಟ್ಟಿತು. ಬೇಲಿಗೆ ಮೊಣಕೈ ಊರಿ ಋಷಿಗಳಿಂದ ಶುರುಮಾಡಿದೆ. ಒಬ್ಬ ಋಷಿಯ ವಂಶದವರೆಲ್ಲ ಒಡಹುಟ್ಟಿದವರ ಸಮಾನ. ಸಾವಿರಾರು ವರ್ಷ ಕಳೆದರೂ, ಒಬ್ಬರನ್ನೊಬ್ಬರು ಕಂಡಿರದಿದ್ದರೂ, ಅವರೊಳಗೆ ಮದುವೆ ಕೂಡದು. ಅಷ್ಟು ಕಟ್ಟುನಿಟ್ಟು ನಾವು ಎಂದೆ. ರೋಸಾ ಬೆರಗಾಗಿ ಗಂಡನನ್ನು ನೋಡಿದಳು. ಹೆಕ್ಟರ್ ಗೌರವದಿಂದ ತಲೆದೂಗಿದ. ನನಗೆ ಇನ್ನೂ ಸ್ವಲ್ಪ ಹೇಳೋಣ ಎನಿಸಿತು.

"ಹಾಗಾದರೆ ವಸುಧಾ ನಿನಗೆ ಸಿಕ್ಕಿದ್ದು ಹೇಗೆ? ತುಂಬ ದೂರ ಹುಡುಕಿರಬೇಕು," ಎಂದಳು ರೋಸಾ.

ಅಮ್ಮನಿಗೆ ಅಷ್ಟು ಇಂಗ್ಲಿಷು ಅರ್ಥವಾಯಿತು. ನಾನು ಬಾಯಿ ತೆರೆಯುವ ಮೊದಲೇ, ಎದೆ ಮುಟ್ಟಿಕೊಂಡು, ಅಭಿಮಾನದಿಂದ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು: "ಮೈ ಬ್ರದರ್ ಡಾಟರ್! ಓನ್ ಬ್ರದರ್!"

ನಿಮಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಸೋದರಮಾವನ ಮಗಳು, ತೊಟ್ಟಿಲಲ್ಲಿದ್ದಾಗಲೇ ಎಲ್ಲರೂ ಮಾತಾಡಿಕೊಂಡಿದ್ದ ಸಂಬಂಧ. ಆದರೆ ಹೆಕ್ಟರನ ಕೈಯ ಪೈಪು ಗುಲಾಬಿ ಬಿಟ್ಟು ಅವನದೇ ಶೂಗೆ ನೀರುಣಿಸತೊಡಗಿತು. ನಾನು ಅವಸರವಾಗಿ, ಮಾವನ ಗೋತ್ರ ಬೇರೆ, ಹಾಗಾಗಿ ಅವಳು ನನಗೆ ತಂಗಿಯಾಗುವುದಿಲ್ಲ ಎಂದು ಸಮಜಾಯಿಷಿ ಕೊಟ್ಟೆ.

"ಆದರೆ ಅಜ್ಜಿ ಒಬ್ಬರೇ ಅಲ್ಲವಾ?" ಎಂದಳು ರೋಸಾ, ಮೆಲ್ಲಗೆ.

"ಅಜ್ಜಿ ಒಬ್ಬರೇ," ಎಂದೆ. "ಋಷಿ ಬೇರೆ."

ಅಡುಗೆಮನೆಯ ಕಿಟಕಿಯಲ್ಲಿ ವಸುಧಾ ಸಿಂಕು ಹಿಡಿದುಕೊಂಡು ನಗುತ್ತಿದ್ದಳು. ರೋಸಾ ಬೇಲಿಯ ಮೇಲಿಂದ ಕೈ ಚಾಚಿ ನನ್ನ ಭುಜ ತಟ್ಟಿದಳು. "ಚಿಂತೆ ಮಾಡಬೇಡ. ನಾವು ಯಾರಿಗೂ ಹೇಳುವುದಿಲ್ಲ. ನೀವೆಲ್ಲರೂ ಮದುವೆಗೆ ಬರಲೇಬೇಕು."

ಏನಂದಳು ಎಂದು ಅಮ್ಮ ಕೇಳಿದರು. ಬರಲೇಬೇಕಂತೆ ಎಂದಷ್ಟೇ ಹೇಳಿದೆ. ಅಮ್ಮ ಬಾಡಿದ ನಿಂಬೆಹಣ್ಣನ್ನೆಲ್ಲ ಸೆರಗಿಗೆ ತುಂಬಿಕೊಂಡರು. "ಮಕ್ಕಳಿಗೆ ಅಮ್ಮನ ಮನೆ ಹೆಸರೂ ಇಡ್ತಾರಂತಲ್ಲೋ. ನಮ್ಮ ಕಡೆ ಯಾರು ಇಟ್ರು ಹಾಗೆ? ಒಳ್ಳೇ ಜನ. ಹೋಗೋಣ ಬಿಡು," ಎಂದರು. ನನ್ನ ಋಷಿಗಳು ಮಾಡಲಾಗದ ಕೆಲಸವನ್ನು ಆ ಎರಡನೆಯ ಗಾರ್ಸಿಯಾ ಮಾಡಿತ್ತು.

ಮದುವೆ ಚೆನ್ನಾಗಿ ಆಯಿತು. ಅಮ್ಮ ಸಾಸಿವೆ ಬಣ್ಣದ ಸೀರೆಯುಟ್ಟು, ಕರ್ಚೀಫಿನಲ್ಲಿ ಕಟ್ಟಿ ತಂದಿದ್ದ ಅಕ್ಷತೆಯನ್ನು ಎರಡೂ ಕೈಯಲ್ಲಿ ಹಾಕಿದರು. ರೋಸಾ ಅವರನ್ನು ಅಪ್ಪಿಕೊಂಡು ಅತ್ತಳು, ಅಮ್ಮನೂ ಅತ್ತರು. ರೋಸಾ ಮಾತಿನಂತೆ ಯಾರಿಗೂ ಹೇಳಿರಲಿಲ್ಲ, ತನ್ನ ತಾಯಿಯೊಬ್ಬರನ್ನು ಬಿಟ್ಟು. ಆ ಮುದುಕಿ ನಮ್ಮ ಟೇಬಲ್ಲಿಗೆ ಬಂದು, ನನ್ನನ್ನೂ ವಸುಧಾಳನ್ನೂ ಬದಲಿಸಿ ಬದಲಿಸಿ ನೋಡಿ, ದಿಯಾಳ ಗಲ್ಲ ಹಿಡಿದೆತ್ತಿ ಪರೀಕ್ಷಿಸಿ, ಸದ್ಯ ಎನ್ನುವಂತೆ ನಿಟ್ಟುಸಿರು ಬಿಟ್ಟು, ಅವಳ ತಟ್ಟೆಗೆ ಇನ್ನೊಂದು ತುಂಡು ಕೇಕು ಹಾಕಿಸಿದರು. ಆಮೇಲೆ ತಮ್ಮ ತಂಗಿಯನ್ನು ಕಳಿಸಿದರು. ಆ ಸಭಾಂಗಣದ ತುಂಬ ಗಾರ್ಸಿಯಾಗಳು ಗಾರ್ಸಿಯಾಗಳ ಜೊತೆ ಕುಣಿಯುತ್ತಿದ್ದರು. ಆದರೆ ಒಂದೇ ಅಜ್ಜಿಯ ಮೊಮ್ಮಕ್ಕಳು ಗಂಡಹೆಂಡತಿಯಾಗಿ ಕೂತಿದ್ದದ್ದು ಒಂದೇ ಟೇಬಲ್ಲಿನಲ್ಲಿ. ಅದನ್ನು ನೋಡಿಕೊಂಡು ಹೋಗಲು ಜನ ಒಬ್ಬೊಬ್ಬರಾಗಿ ಬರುತ್ತಲೇ ಇದ್ದರು.