ಒಗಟಿನ ಆ್ಯಪಿಗೆ ಒಪ್ಪಿಗೆ ದೊರೆತ ಬಗೆ

ಸದುದ್ದೇಶದಿಂದ ಕೈಹಾಕಿದ ಕೆಲಸಗಳೇ ಮನುಷ್ಯನನ್ನು ಹೆಚ್ಚು ನಗೆಪಾಟಲಿಗೆ ಈಡುಮಾಡುತ್ತವೆ ಎಂಬುದು ಕನ್ನಡ ಎಂ.ಎ. ಮುಗಿಸಿದ ಮೇಲೆ ನಾನು ಕಂಡುಕೊಂಡ ಸತ್ಯ. ನನ್ನ ವಿಷಯದಲ್ಲಿ ಅದು ವಾರಕ್ಕೊಮ್ಮೆಯಾದರೂ ರುಜುವಾತಾಗುತ್ತದೆ. ಜನಪದ ಒಗಟುಗಳನ್ನು ಮೊಬೈಲಿಗೆ ತರಲು ಹೊರಟ ದಿನಗಳಲ್ಲಂತೂ ಅದಕ್ಕೆ ವಾರದ ರಜೆಯೂ ಇರಲಿಲ್ಲ.

ನಂಜನಗೂಡಿನ ಬಸ್ ನಿಲ್ದಾಣದ ಬಳಿ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಗಳ ಅಂಗಡಿ ಇಟ್ಟಿರುವ ನನ್ನ ಗೆಳೆಯ ಕಂಪ್ಯೂಟರ್ ಡಿಪ್ಲೊಮಾ ಓದಿದವನು. ಹೆಮ್ಮರಗಾಲದಲ್ಲಿರುವ ಅವನ ಅಜ್ಜಿ ಒಗಟುಗಳ ಕಣಜ. ಅವರ ದನಿಯಲ್ಲೇ ಒಗಟುಗಳನ್ನು ಧ್ವನಿಮುದ್ರಿಸಿಕೊಂಡು ಆ್ಯಪ್ ಮಾಡುವುದು ನಮ್ಮ ಸಂಕಲ್ಪ. ಅಜ್ಜಿಗೆ ಇದರಲ್ಲಿ ಸಾಹಿತ್ಯಸೇವೆಗಿಂತ ಘನವಾದ ಉದ್ದೇಶವಿತ್ತು. ಮದುವೆಯಾಗಿ ಮೂಗೂರು ಸೇರಿದ ಅವರ ತಂಗಿ, ಅಕ್ಕನ ಒಗಟುಗಳೆಲ್ಲ ತನ್ನಿಂದ ಕದ್ದವೆಂದು ನೆಂಟರಿಷ್ಟರಲ್ಲೆಲ್ಲ ಹೇಳಿಕೊಂಡು ಬಂದಿದ್ದರು. ಗೆಳೆಯನ ಅಣ್ಣನ ಮಗುವಿನ ನಾಮಕರಣಕ್ಕೆ ಆ ತಂಗಿ ಹೆಮ್ಮರಗಾಲಕ್ಕೆ ಬರುವವರಿದ್ದರು.

“ಅವ್ಳು ಬರೋ ಒತ್ಗೆ ನನ್ನ ಒಗಟು ಫೋನಲ್ಲಿರ್ಬೇಕು ಕಣ್ ಮೊಗ. ಇಲ್ದಿದ್ರೆ ನನ್ ಮಾನ ಓಯ್ತದೆ,” ಎಂದು ಅಜ್ಜಿ ನನ್ನ ಕೈಹಿಡಿದು ಹೇಳಿದ್ದರು.

ಓದದೆ ಒಪ್ಪಬಾರದು

ಆ್ಯಪ್ ಕಟ್ಟಲು ಬೇಕಾದ ಸಲಕರಣೆಗಳು ಅಂತರ್ಜಾಲದಲ್ಲಿ ಉಚಿತವಾಗಿಯೇ ಸಿಗುತ್ತವೆ. ಆದರೆ ಪ್ರತಿಯೊಂದರ ಜೊತೆಗೂ ಲೈಸೆನ್ಸ್ ಎಂಬ ಷರತ್ತುಪತ್ರವಿರುತ್ತದೆ. ಅದಕ್ಕೆ ಒಪ್ಪಿಗೆ ಕೊಡದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ನಮ್ಮದೂ ನಿಂತಿತು. ಪರದೆಯ ತುಂಬ ಕೆಂಪಕ್ಷರ. ಗೆಳೆಯ ಒಪ್ಪಿಬಿಡಲು ಕೈಚಾಚಿದ. ಓದದೆ ಒಪ್ಪುವುದು ಒಪ್ಪಿಗೆಯಲ್ಲ, ಶರಣಾಗತಿ ಎಂದು ನಾನು ತಡೆದೆ. ಷರತ್ತುಗಳನ್ನು ಮೊದಲಿನಿಂದ ಓದುತ್ತ, ಅವನಿಗೆ ಕನ್ನಡದಲ್ಲಿ ಭಾವಾರ್ಥವನ್ನೂ ಹೇಳತೊಡಗಿದೆ.

ಪಹಣಿ ತೆಗೆಸಲು ಬಂದವರ ಸಾಲು ರಸ್ತೆ ಮುಟ್ಟಿತು. ಎಲ್ಲರಿಗಿಂತ ಮುಂದಿದ್ದ ರೈತರೊಬ್ಬರು ಏನು ಓದುತ್ತಿದ್ದೀರೆಂದು ವಿಚಾರಿಸಿದರು. ಒಪ್ಪುವ ಮುನ್ನ ಷರತ್ತು ನೋಡುತ್ತಿದ್ದೇನೆಂದೆ. ಒಪ್ಪದಿದ್ದರೆ ಏನಾಗುತ್ತದೆಂದು ಕೇಳಿದರು. ಕೆಲಸ ನಡೆಯುವುದಿಲ್ಲವೆಂದೆ. ಷರತ್ತಿನಲ್ಲಿ ಏನನ್ನಾದರೂ ಬದಲಿಸಬಹುದೇ ಎಂದರು. ಒಂದಕ್ಷರವನ್ನೂ ಬದಲಿಸುವಂತಿಲ್ಲವೆಂದೆ.

ಅವರು ನಿಟ್ಟುಸಿರಿಟ್ಟರು. “ಅಂಗಾದ್ರೆ ಅದು ನಮ್ಮನೆಯೋಳು ಏಳೋ ಮಾತಿದ್ದಂಗೆ ಸಾ. ಇಚಾರ ಮಾಡ್ಕಂಡು ಕೂತ್ರೆ ಊಟ ಆರೋಯ್ತದೆ, ಅಷ್ಟೆಯ.”

ಅಚ್ಚಕನ್ನಡದ ಸಮ್ಮತಿ

ಮರುದಿನ ಒಪ್ಪಲು ಸಿದ್ಧನಾದೆ. ಯಂತ್ರವು ಕಪ್ಪು ಪರದೆಯ ಮೇಲೆ ಒಂದೊಂದೇ ಷರತ್ತನ್ನು ತೋರಿಸಿ, ಒಪ್ಪುವುದಾದರೆ ಇಂಗ್ಲಿಷಿನ ವೈ ಅಕ್ಷರವನ್ನು ಒತ್ತು ಎಂದಿತು. ಕನ್ನಡದ ಕೆಲಸಕ್ಕೆ ಇಂಗ್ಲಿಷಿನಲ್ಲಿ ಹೂಂಗುಟ್ಟುವುದು ನನಗೆ ಅಪಚಾರವೆನಿಸಿತು. ಕೀಲಿಮಣೆಯನ್ನು ಕನ್ನಡಕ್ಕೆ ತಿರುಗಿಸಿ, ‘ಮನಃಪೂರ್ವಕವಾಗಿ ಸಮ್ಮತಿಸುತ್ತೇನೆ’ ಎಂದು ಬರೆದೆ.

ವೈ ಅಲ್ಲದ್ದೆಲ್ಲವೂ ಆ ಯಂತ್ರದ ಪಾಲಿಗೆ ನಿರಾಕರಣೆ. ನಾನು ಪ್ರತಿ ಷರತ್ತಿಗೂ ಮನಃಪೂರ್ವಕವಾಗಿ ಸಮ್ಮತಿಸುತ್ತ ಹೋದೆ. ಅದು ಒಂದಕ್ಕೂ ಒಪ್ಪಿಗೆ ಸಿಕ್ಕಿಲ್ಲವೆಂದು ಸಾರುತ್ತ ಹೋಯಿತು. ಟೀ ತರಲು ಹೋಗಿದ್ದ ಗೆಳೆಯ ಬಂದು ಪರದೆ ನೋಡಿದ.

“ಲೋ, ಅದು ಬರೀ ತಲೆಯಾಡ್ಸು ಅಂದ್ರೆ ನೀನು ಸ್ವಾಗತಭಾಷಣ ಮಾಡ್ತಾ ಕೂತಿದ್ದೀಯಲ್ಲೋ,” ಎಂದು ನನ್ನನ್ನು ಕುರ್ಚಿಯಿಂದ ಎಬ್ಬಿಸಿದ.

ಗಡಿ ದಾಟದ ಒಪ್ಪಿಗೆ

ಅವನು ವೈ ಒತ್ತಿದ ಮೇಲೆ ಒಪ್ಪಿಗೆಯೇನೋ ಆಯಿತು. ಆದರೆ ಅಂಗಡಿಯ ಹಳೆಯ ಕಂಪ್ಯೂಟರು ಅರ್ಧ ದಾರಿಯಲ್ಲೇ ಏದುಸಿರು ಬಿಟ್ಟು ಮಲಗಿತು. ತಿ. ನರಸೀಪುರದ ತರಬೇತಿ ಕೇಂದ್ರವೊಂದರಲ್ಲಿ ಹೊಸ ಕಂಪ್ಯೂಟರುಗಳಿರುವುದನ್ನು ತಿಳಿದು, ಕೆಲಸವನ್ನೆಲ್ಲ ಪೆನ್‌ಡ್ರೈವಿಗೆ ತುಂಬಿಕೊಂಡು ಬಸ್ಸು ಹತ್ತಿದೆವು. ಅಲ್ಲಿಯೂ ಅದೇ ಕೆಂಪಕ್ಷರ ನಮ್ಮನ್ನು ಎದುರುಗೊಂಡಿತು. ಒಂದು ಕಂಪ್ಯೂಟರಿನಲ್ಲಿ ಕೊಟ್ಟ ಒಪ್ಪಿಗೆ ಅದರೊಳಗೇ ಉಳಿಯುತ್ತದೆ, ಇನ್ನೊಂದರಲ್ಲಿ ಹೊಸದಾಗಿ ಕೊಡಬೇಕು ಎಂಬುದು ನಮಗೆ ಹೊಳೆದಿರಲಿಲ್ಲ.

ಒಮ್ಮೆ ಕೊಟ್ಟ ಮಾತಿಗೆ ಇಷ್ಟೇ ಬೆಲೆಯೇ ಎಂದು ನಾನು ಬಹಳ ನೊಂದು ನುಡಿದೆ. ಕೇಂದ್ರದ ಮೇಲ್ವಿಚಾರಕರಿಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಕಾಣಲಿಲ್ಲ.

“ನಂಜನಗೂಡಲ್ಲಿ ಒಪ್ಕಂಡಿದ್ದು ಇಲ್ಲೆಂಗ್ ನಡೀತದೆ ಸಾ? ತಾಲ್ಲೂಕೇ ಬೇರೆ.”

ಹಸಿರು ಗುಂಡಿ

ನರಸೀಪುರದಲ್ಲಿ ಮತ್ತೊಮ್ಮೆ ಎಲ್ಲಕ್ಕೂ ಒಪ್ಪಿ, ನಾಮಕರಣಕ್ಕೆ ಮುಂಚೆಯೇ ಆ್ಯಪನ್ನು ಅಜ್ಜಿಯ ಮುಂದಿಟ್ಟೆವು. ಇಷ್ಟು ತಡವೇಕೆಂದು ಅಜ್ಜಿ ಕೇಳಿದರು. ಷರತ್ತುಗಳ ಕಥೆಯನ್ನೆಲ್ಲ ಹೇಳಿದೆ. ಅಜ್ಜಿ ಎಲೆ ಅಡಿಕೆ ಅಗಿಯುತ್ತ ಯೋಚಿಸಿದರು. ಸಲಕರಣೆ ಕೊಟ್ಟವರ ಸಾಮಾನಿಗೆ ಅಷ್ಟೊಂದು ಕಟ್ಟಳೆಯಿದ್ದರೆ ತಮ್ಮ ಒಗಟಿಗೆ ಒಂದಾದರೂ ಬೇಡವೇ ಎಂದರು. ಜನಪದರ ಹಕ್ಕಿನ ಪ್ರಶ್ನೆ ಇದೆಂದು ನನಗೆ ರೋಮಾಂಚನವಾಯಿತು. ಗೆಳೆಯ ನನ್ನನ್ನು ಶಪಿಸುತ್ತ ಮತ್ತೆ ನರಸೀಪುರದ ಬಸ್ಸು ಹತ್ತಿದ.

ಹೀಗೆ ನಮ್ಮ ಆ್ಯಪಿಗೂ ಒಂದು ಲೈಸೆನ್ಸ್ ಬಂದಿತು. ತೆರೆದೊಡನೆ ಒಂದು ಹಸಿರು ಗುಂಡಿ ಕಾಣುತ್ತಿತ್ತು; ಜೊತೆಗೆ ಅಜ್ಜಿಯ ದನಿ: “ಈ ಒಗಟೆಲ್ಲ ನನ್ನವು, ನನ್ ತಂಗಿವಲ್ಲ. ಒಪ್ಕಂಡೋರು ಅಸ್ರು ಗುಂಡಿ ಒತ್ತಿ. ಒಪ್ದೇ ಇರೋರು ಫೋನು ಮಡಗ್ಬುಟ್ಟು ಎದ್ದೋಗಿ.”

ನಾಮಕರಣದ ದಿನ ನೆಂಟರೆಲ್ಲ ಗುಂಡಿ ಒತ್ತಿದರು. ಮನೆಯ ತುಂಬ ಒಗಟೇ ಒಗಟು. ಮೂಗೂರಿನ ಚಿಕ್ಕಜ್ಜಿ ಮಾತ್ರ ಫೋನನ್ನು ಕಿವಿಗೆ ಹಿಡಿದು ಷರತ್ತನ್ನು ಪೂರ್ತಿ ಕೇಳಿ, ಅದನ್ನು ಮಡಗಿ, ಎದ್ದು ಹೋಗಿ ಕಂಬಕ್ಕೊರಗಿ ಕುಳಿತರು. ಅಜ್ಜಿಯ ಕಣ್ಣು ತಂಗಿಯನ್ನು ಬಿಟ್ಟು ಅಲುಗಲಿಲ್ಲ. ಮಗುವಿಗೆ ಯಾವ ಹೆಸರಿಟ್ಟರೆಂಬುದು ಅವರಿಬ್ಬರಿಗೂ ಇಂದಿಗೂ ಸರಿಯಾಗಿ ತಿಳಿದಂತಿಲ್ಲ.

ಊಟವಾದ ಮೇಲೆ ಜಗಲಿಯಲ್ಲಿದ್ದ ಹುಡುಗರು ಒಂದು ಒಗಟಿನಲ್ಲಿ ಸಿಕ್ಕಿಕೊಂಡರು: “ಒಲೆ ಮ್ಯಾಲೆ ಗೊಣಗ್ತದೆ, ತಣಿಗೇಲಿ ತೆಪ್ಪಗೆ ಕೂತ್ಕತದೆ.” ತಣಿಗೆಯೆಂದರೆ ತಟ್ಟೆ; ಅದರಾಚೆ ಅವರಿಗೆ ಹೊಳೆಯಲಿಲ್ಲ. ಒಬ್ಬ ಹಾಲು ಎಂದ, ಇನ್ನೊಬ್ಬ ಸಾರು ಎಂದ, ಮತ್ತೊಬ್ಬ ಕುಕ್ಕರ್ ಎಂದ. ಕುಕ್ಕರನ್ನು ಚಿಕ್ಕಜ್ಜಿಗೆ ಸಹಿಸಲಾಗಲಿಲ್ಲ.

“ಮುದ್ದೆ ಕಣ್ರಲಾ,” ಎಂದು ಕೂತಲ್ಲಿಂದಲೇ ಗದರಿದರು.

ಆಮೇಲೆ ಅವರಿಗೆ ಕೂರಲಾಗಲಿಲ್ಲ. ಇನ್ನೂ ಎಂಥೆಂಥ ಒಗಟುಗಳಿವೆಯೋ, ಈ ಹುಡುಗರು ಅವಕ್ಕೆ ಏನೇನು ಹೇಳುತ್ತಾರೋ. ಗೆಳೆಯನ ಫೋನನ್ನು ಕೇಳಿ ಪಡೆದರು. ಷರತ್ತು ಮತ್ತೆ ಮೊಳಗಿತು. ಅಡುಗೆಮನೆಯಲ್ಲಿದ್ದವರೂ ಹೊರಗೆ ಬಂದು ನಿಂತರು. ಅಜ್ಜಿ ಮೆಲ್ಲನೆ ಬಂದು ತಂಗಿಯ ಪಕ್ಕದಲ್ಲಿ ಕುಳಿತು, “ಒತ್ತವ್ವ,” ಎಂದರು. ಅಷ್ಟು ಸಿಹಿಯಾದ ದನಿಯನ್ನು ನಾನು ಧ್ವನಿಮುದ್ರಣದ ದಿನವೂ ಕೇಳಿರಲಿಲ್ಲ.

ಚಿಕ್ಕಜ್ಜಿ ಗುಂಡಿಯನ್ನು ನೋಡಿದರು, ಅಕ್ಕನನ್ನು ನೋಡಿದರು. ಬಳಿಕ ಅಕ್ಕನ ಬಲಗೈಯನ್ನು ಗಬಕ್ಕನೆ ಹಿಡಿದು, ಅದರ ತೋರುಬೆರಳನ್ನೇ ಹಸಿರು ಗುಂಡಿಯ ಮೇಲೆ ಒತ್ತಿಬಿಟ್ಟರು. ಒಗಟುಗಳೆಲ್ಲ ತೆರೆದುಕೊಂಡವು.

“ಒಪ್ಕಂಡೋಳು ನೀನು ಕಣಕ್ಕ,” ಎಂದು ಚಿಕ್ಕಜ್ಜಿ ಫೋನನ್ನು ಮಡಿಲಿಗೆ ಹಾಕಿಕೊಂಡರು. “ನಾ ಬರೀ ಕೈ ಇಡ್ಕಂಡಿದ್ದೆ.”